ಚೀನದ ಲುಂಗನೂ ನಮ್ಮ ನಾಗಪ್ಪನೂ

ಶ್ರಾವಣದ ಪಂಚಮಿ ಬಂದಿತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವರು. ಹುತ್ತಕ್ಕೋ ನಾಗರಕಲ್ಲಿಗೋ ಹಾಲೆರೆಯುವರು. ಮಕ್ಕಳು ಅಳ್ಳು, ಉಂಡಿಗಳನ್ನು ಮೆಲ್ಲುತ್ತ ಜೋಕಾಲಿಯಾಡುವರು. ಆ ಮಕ್ಕಳೇ ಚಿತ್ರಪುಸ್ತಕದಲ್ಲಿ ಚೀನದೇಶದ ‘ಡ್ರ್ಯಾಗನ್’ ಎಂಬುದನ್ನು ಕಂಡು, ಇದು ರಾಕ್ಷಸನೇ ಎಂದು ಕೇಳಿದರೆ ಹೌದೆಂದು ತಲೆಯಾಡಿಸುವ ಹಿರಿಯರೇ ಹೆಚ್ಚು. ಈ ತೊಡಕು ಹುಟ್ಟಿದುದು ಹೆಸರಿನಿಂದ. ಯೂರೋಪಿನ ಕಥೆಗಳಲ್ಲಿ ಬೆಂಕಿಯುಗುಳಿ ವೀರನ ಈಟಿಗೆ ಬಲಿಯಾಗುವ ಘಟಸರ್ಪಕ್ಕೂ, ಚೀನೀಯರು ‘ಲುಂಗ್’ ಎಂದು ಕರೆಯುವ ಮಂಗಳಪ್ರಾಣಿಗೂ ಆಂಗ್ಲರು ಒಂದೇ ಶಬ್ದವನ್ನು ಅಂಟಿಸಿದರು.

ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದ ಪಂಡಿತರು ಇವರಿಗಿಂತ ವಿವೇಕಿಗಳೆಂದೇ ನಮ್ಮ ಮತ. ಸಂಸ್ಕೃತದ ‘ನಾಗ’ ಶಬ್ದಕ್ಕೆ ಅವರು ‘ಲುಂಗ್’ ಎಂದು ಬರೆದರು. ನಾಗರಾಜನು ‘ಲುಂಗ್ ವಾಂಗ್’ ಆದನು. ಇಬ್ಬರೂ ಜಲಕ್ಕೆ ಒಡೆಯರಷ್ಟೆ! ಕ್ರಿ. ಶ. 100ರ ಸುಮಾರಿನಲ್ಲಿ ಷೂ ಷೆನ್ ಎಂಬ ಕೋಶಕಾರನು, ಲುಂಗನು ವಸಂತವಿಷುವದಲ್ಲಿ ಆಕಾಶಕ್ಕೇರಿ ಶರದ್ವಿಷುವದಲ್ಲಿ ಮಡುವಿಗಿಳಿಯುವನೆಂದು ಬರೆದಿರುವನು. ಮಳೆ ತಡೆದಾಗ ಚೀನದ ಒಕ್ಕಲಿಗರು ಅವನನ್ನೇ ಬೇಡುತ್ತಿದ್ದರು. ಮುಗಿಲನ್ನು ನೋಡಿ ಬಾಳುವ ನಮ್ಮ ಎರೆಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಐದು ಉಗುರುಗಳ ಲುಂಗನು ಚಕ್ರವರ್ತಿಯ ಲಾಂಛನ. ಅದು ಪರರ ಉಡುಪಿನಲ್ಲಿ ಸಲ್ಲದೆಂಬ ಕಟ್ಟಳೆಯೂ ಇದ್ದಿತು. ಪೀಕಿಂಗಿನಲ್ಲಿ 1756ರಲ್ಲಿ ಕಟ್ಟಿದ ಮೆರುಗುಹಂಚಿನ ಗೋಡೆಯ ಮೇಲೆ ಒಂಬತ್ತು ಲುಂಗಗಳು ಮೋಡಗಳ ನಡುವೆ ಇಂದಿಗೂ ಆಡುತ್ತಿರುವವು.

ಜಿಂಕೆಯ ಕೋಡು, ಮೀನಿನ ಪೊರೆ, ಹದ್ದಿನ ಉಗುರು ಕೂಡಿದ ಈ ರೂಪ ವಿಚಿತ್ರವೆನ್ನುವವರು ಇಟಗಿಯ ಮಹಾದೇವಾಲಯಕ್ಕೆ ಹೋಗಿಬರಲಿ. 1112ರ ಆ ಗುಡಿಯ ತೋರಣಗಳಲ್ಲಿ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನಂಥ ಬಾಲವುಳ್ಳ ಮಕರಗಳುಂಟು. ಅವೂ ನೀರಿನ ಪ್ರಾಣಿಗಳೇ.

ನಮ್ಮಲ್ಲಿ ಸರ್ಪವಧೆಯ ಕಥೆಯಿಲ್ಲವೆಂದಲ್ಲ. ವೇದದಲ್ಲಿ ಇಂದ್ರನು ನೀರನ್ನು ತಡೆಹಿಡಿದ ವೃತ್ರನೆಂಬ ಅಹಿಯನ್ನು ಕೊಂದನು. ಆದರೆ ಕೃಷ್ಣನು ಕಾಳಿಯನನ್ನು ಕೊಲ್ಲಲಿಲ್ಲ, ಸಮುದ್ರಕ್ಕೆ ಕಳುಹಿದನು. ನೀರನ್ನು ಕಟ್ಟಿದವನಿಗೆ ದಂಡನೆ, ಕೆಡಿಸಿದವನಿಗೆ ಗಡೀಪಾರು!

ಮಸ್ಕಿಯ ಬಂಡೆಶಾಸನವು 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ತೋರಿಸಿಕೊಟ್ಟಿತು. ಅದರಲ್ಲಿ ನಾಗನ ಮಾತಿಲ್ಲ. ಆದರೂ ಆ ಅರಸನು ಒಲಿದ ಧರ್ಮವೇ ಶತಮಾನಗಳ ತರುವಾಯ ಚೀನವನ್ನು ಸೇರಿತು, ಜೊತೆಯಲ್ಲಿ ನಮ್ಮ ನಾಗನೂ ಹೋದನು.

ಚೀನದ ಚಿತ್ರಗಳಲ್ಲಿ ಲುಂಗನ ಮುಂದೆ ಒಂದು ಮುತ್ತು ಇರುವುದುಂಟು. ನಮ್ಮವರ ಬಾಯಲ್ಲಿಯೂ ನಾಗನು ನಿಧಿಯ ಕಾವಲುಗಾರ. ಈ ಮಾತು ಕಥೆಯಾಗಿದ್ದಷ್ಟು ದಿನ ಕೇಡಿರಲಿಲ್ಲ. ಈಗ ಇದನ್ನೇ ನಿಜವೆಂದು ನಂಬಿ, ಇರುಳಲ್ಲಿ ಹಾಳುಗುಡಿಗಳ ನಾಗಶಿಲೆಗಳನ್ನು ಕಿತ್ತು ಬುಡ ಅಗೆಯುವವರಿದ್ದಾರೆ. ಹೆಣೆದುಕೊಂಡ ಜೋಡಿನಾಗಗಳ ಆ ಕಲ್ಲುಗಳನ್ನು ಸಂತಾನವನ್ನು ಬೇಡಿದ ತಾಯಂದಿರು ನಿಲ್ಲಿಸಿದರು. ಅವುಗಳ ಕೆಳಗೆ ಮಣ್ಣೇ ಹೊರತು ಹೊನ್ನಿಲ್ಲ. ಇದೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪೂರ್ವಿಕರು ಚಿನ್ನ ತೆಗೆದುದು ನೂರಾರು ಅಡಿ ಬಂಡೆಯನ್ನು ಕೊರೆದು.