ಮಳೆಗಾಗಿ ತೆತ್ತ ಬೆಲೆ: ರಂಗದ ಮೇಲೆ, ತೆರೆಯ ಮೇಲೆ

ಮಳೆ ಬಾರದ ವರ್ಷ ಹೇಗಿರುತ್ತದೆಂದು ಹಿರೇಕೊಟ್ನೆಕಲ್, ಮಾನ್ವಿ, ದೇವದುರ್ಗದ ಕಡೆಯ ರೈತರ ಮಕ್ಕಳಿಗೆ ಯಾರೂ ಪಾಠ ಮಾಡಬೇಕಿಲ್ಲ. ಮುಗಿಲು ನೋಡುತ್ತ ಕೂಡುವ ಆ ಸಂಕಟವೇ ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ನಾಟಕದ ಬೀಜ. ಅಮೆರಿಕದ ಗತ್ರಿ ಥಿಯೇಟರ್ ಕೋರಿಕೆಯಿಂದ 1990ರ ದಶಕದಲ್ಲಿ ಹುಟ್ಟಿದ ಈ ನಾಟಕವನ್ನು 2002ರಲ್ಲಿ ಅರ್ಜುನ್ ಸಜ್ನಾನಿ 'ಅಗ್ನಿವರ್ಷ' ಎಂಬ ಹಿಂದಿ ಚಿತ್ರವಾಗಿಸಿದರು. ಚಿತ್ರೀಕರಣ ನಡೆದದ್ದು ನಮ್ಮ ನೆರೆಯ ಹಂಪಿಯಲ್ಲಿ.

ಕಥೆಯ ಮೂಲ ಮಹಾಭಾರತದ ವನಪರ್ವ. ಗುರುವಿಲ್ಲದೆ ತಪಸ್ಸಿನಿಂದಲೇ ವಿದ್ಯೆ ಪಡೆಯಹೊರಟ ಯವಕ್ರೀತನಿಗೆ ಬುದ್ಧಿ ಹೇಳಲು ಇಂದ್ರ ಮುದುಕನ ವೇಷದಲ್ಲಿ ಬಂದು, ಹಿಡಿ ಹಿಡಿ ಮರಳಿನಿಂದ ಗಂಗೆಗೆ ಸೇತುವೆ ಕಟ್ಟತೊಡಗಿದ ಪ್ರಸಂಗ ಅಲ್ಲಿದೆ. ಮೂಲದಲ್ಲಿ ಪರಾವಸು ತಂದೆಯನ್ನು ಕೊಲ್ಲುವುದು ಕತ್ತಲಲ್ಲಿ ಮೃಗವೆಂದು ಭ್ರಮಿಸಿ. ಕೊನೆಗೆ ದೇವತೆಗಳ ವರದಿಂದ ಸತ್ತವರೆಲ್ಲ ಎದ್ದು ಬರುತ್ತಾರೆ. ಕಾರ್ನಾಡರು ಆ ಕೊಲೆಯನ್ನು ಉದ್ದೇಶಪೂರ್ವಕವಾಗಿಸಿ, ಅದರ ಅಪವಾದವನ್ನು ಮುಗ್ಧ ತಮ್ಮ ಅರವಸುವಿನ ತಲೆಗೆ ಕಟ್ಟುತ್ತಾರೆ. ಅವನನ್ನು ಪ್ರೀತಿಸುವ ಬೇಡರ ಹುಡುಗಿ ನಿತ್ತಿಲೆ ಅವರದೇ ಸೃಷ್ಟಿ. ಅವಳು ತನ್ನವರ ಕೈಯಲ್ಲೇ ಸಾಯುತ್ತಾಳೆ. ಸುಖಾಂತವಾಗಿದ್ದ ಕಥೆ ಹೀಗೆ ದುರಂತವಾಯಿತು.

ರಂಗದ ಮೇಲೆ ಬರಗಾಲ ಮಾತಿನಲ್ಲಿದೆ. ಒಣಗಿದ ನೆಲವನ್ನು ಪ್ರೇಕ್ಷಕ ತನ್ನ ಮನಸ್ಸಿನಲ್ಲೇ ಕಾಣಬೇಕು. ತೆರೆಯ ಮೇಲೆ ಹಂಪಿಯ ಬಂಡೆಗಳೇ ಆ ಕೆಲಸ ಮಾಡುತ್ತವೆ. ಆದರೆ ಬಂಡೆಗಳ ಚೆಲುವು ಕಣ್ಣು ತುಂಬಿದಾಗ ಹಸಿವು ಕೊಂಚ ಮರೆಯಾಗುತ್ತದೆ.

ಮುಖವಾಡದ ದೃಶ್ಯದಲ್ಲೂ ಇದೇ ವ್ಯತ್ಯಾಸ. ಯಜ್ಞದ ಮುಂದೆ ಆಡುವ ನಾಟಕದಲ್ಲಿ ವೃತ್ರನ ಮುಖವಾಡ ತೊಟ್ಟ ಅರವಸು ಆವೇಶಗೊಂಡು ಯಜ್ಞಶಾಲೆಗೇ ನುಗ್ಗುತ್ತಾನೆ. ರಂಗಮಂದಿರದಲ್ಲಿ ಕುಳಿತವನಿಗೆ ಅವನು ತನ್ನ ಮೇಲೆಯೇ ಬಂದಂತೆ ಭಯ. ಸಿನಿಮಾದಲ್ಲಿ ನಾವು ಸುರಕ್ಷಿತ ದೂರದಲ್ಲಿರುತ್ತೇವೆ. ಬದಲಿಗೆ ಕ್ಯಾಮೆರಾ ಮುಖಗಳನ್ನು ಹತ್ತಿರ ತರುತ್ತದೆ. ನಿತ್ತಿಲೆಯಾದ ಸೋನಾಲಿ ಕುಲಕರ್ಣಿ, ಅರವಸುವಾದ ಮಿಲಿಂದ್ ಸೋಮನ್ ಅವರ ಕಣ್ಣುಗಳು ಕೊನೆಯ ಸಾಲಿನವನಿಗೂ ಕಾಣುತ್ತವೆ. ಇಂದ್ರನಾಗಿ ಅಮಿತಾಭ್ ಬಚ್ಚನ್ ಬಂದಾಗ ಮಾತ್ರ ದೇವರಿಗಿಂತ ಮೊದಲು ತಾರೆಯೇ ಕಾಣುವ ಅಪಾಯವಿದೆ.

ಎರಡರಲ್ಲೂ ಉಳಿಯಬೇಕಾದದ್ದು ನಿತ್ತಿಲೆಯ ಪ್ರಶ್ನೆ. ವರ್ಷಗಟ್ಟಲೆ ತಪಸ್ಸು ಮಾಡಿ ವಿದ್ಯೆ ಪಡೆದವನು ಹಸಿದು ಸಾಯುವ ಮಕ್ಕಳಿಗಾಗಿ ಒಂದೆರಡು ಮಳೆಯನ್ನೇಕೆ ಬೇಡಲಿಲ್ಲ? ಯವಕ್ರೀತ ವಿದ್ಯೆಯನ್ನು ಹಗೆ ತೀರಿಸಲು ಬಳಸಿದ. ಪರಾವಸು ಪದವಿಗಾಗಿ ಮನೆ ಮರೆತ. ಅವನ ತಂದೆ ರೈಭ್ಯ ಮಗನ ಏಳಿಗೆಗೇ ಕರುಬಿದ. ಮಕ್ಕಳ ಅಂಕಪಟ್ಟಿ ಹಿಡಿದು ನೆರೆಮನೆಯೊಂದಿಗೆ ಹೋಲಿಸುವ ಪಾಲಕರೂ ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಕೊನೆಯಲ್ಲಿ ಇಂದ್ರ ವರ ಕೊಡಲು ಬರುತ್ತಾನೆ. ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ನಿತ್ತಿಲೆ ಬದುಕುತ್ತಾಳೆ. ಆದರೆ ನಡೆದದ್ದೆಲ್ಲ ಮತ್ತೆ ನಡೆದೀತು. ಅತ್ತ ಬ್ರಹ್ಮರಾಕ್ಷಸ ಬಿಡುಗಡೆಗೆ ಅಂಗಲಾಚುತ್ತಾನೆ. ನಿತ್ತಿಲೆಯಿದ್ದಿದ್ದರೆ ಏನು ಹೇಳುತ್ತಿದ್ದಳೆಂದು ನೆನೆದು, ಅರವಸು ಅವಳನ್ನು ಬಿಟ್ಟುಕೊಟ್ಟು ಬ್ರಹ್ಮರಾಕ್ಷಸನ ಬಿಡುಗಡೆಯನ್ನು ಬೇಡುತ್ತಾನೆ. ಆಗ ಮಳೆ ಸುರಿಯುತ್ತದೆ. ಏಳು ವರ್ಷದ ಯಜ್ಞಕ್ಕೆ ಬಾರದ ಮಳೆ ಒಂದು ಕರುಣೆಗೆ ಬಂತು.

ವಿದ್ಯಾರ್ಥಿಗಳು ಮೊದಲು ನಾಟಕ ಓದಲಿ. ಮನೆಯಲ್ಲಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಇನ್ನೂ ಚೆನ್ನ. ಆಮೇಲೆ ಸಿನಿಮಾ ನೋಡಲಿ. ತಮ್ಮ ಮನಸ್ಸಿನಲ್ಲಿ ಸುರಿದ ಮಳೆಗೂ ತೆರೆಯ ಮೇಲಿನ ಮಳೆಗೂ ಎಷ್ಟು ಅಂತರವೆಂದು ಆಗ ಅವರಿಗೇ ತಿಳಿಯುತ್ತದೆ.