ಖಾರದ ಪುಡಿ, ಖಾಲಿ ಖಜಾನೆ

ನೋಡಿ, 2018ರ ನವೆಂಬರ್‌ನಲ್ಲಿ ಶ್ರೀಲಂಕಾ ಸಂಸತ್ತಿನೊಳಗೆ ಕುರ್ಚಿಗಳು ಹಾರಾಡಿದವು. ಸಂಸದರೇ ಖಾರದ ಪುಡಿ ಎರಚಿದರು. ನಮ್ಮಂಥ ಟಿವಿಯವರಿಗೆ ಅದಕ್ಕಿಂತ ಒಳ್ಳೇ ದೃಶ್ಯ ಬೇಕಾ? ಆದರೆ ಅಸಲಿ ಸುದ್ದಿ ಆ ದೃಶ್ಯದಲ್ಲಿ ಇರಲೇ ಇಲ್ಲ.

ಆಗಿದ್ದಿಷ್ಟು. ಅಕ್ಟೋಬರ್ 26ರಂದು ಅಧ್ಯಕ್ಷ ಸಿರಿಸೇನ, ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರನ್ನು ಕಿತ್ತುಹಾಕಿ ಮಹಿಂದ ರಾಜಪಕ್ಸೆ ಅವರನ್ನು ತಂದು ಕೂರಿಸಿದರು. ನಾನೇ ಪ್ರಧಾನಿ ಅಂತ ಇವರು, ಅಲ್ಲ ನಾನೇ ಅಂತ ಅವರು! ಏಳು ವಾರ ಕಿತ್ತಾಡಿ, ಡಿಸೆಂಬರ್ 16ಕ್ಕೆ ರನಿಲ್ ವಾಪಸ್ ಬಂದರು. ಅಷ್ಟರಲ್ಲಿ ಐಎಂಎಫ್ ಜೊತೆಗಿನ ಮಾತುಕತೆ ನಿಂತಿತ್ತು. ಮೂಡೀಸ್, ಫಿಚ್, ಎಸ್ ಅಂಡ್ ಪಿ ಮೂರೂ ಸಂಸ್ಥೆಗಳು ದೇಶದ ರೇಟಿಂಗ್ ಇಳಿಸಿದ್ದವು. ಜನವರಿಯಲ್ಲಿ ನೂರು ಕೋಟಿ ಡಾಲರ್ ಸಾಲ ತೀರಿಸಬೇಕಿತ್ತು!

ರೇಟಿಂಗ್ ಇಳಿದರೆ ಏನಾಗುತ್ತೆ? ಬಡ್ಡಿ ಏರುತ್ತೆ. ಹೊಸ ಸಾಲ ತಂದು ಹಳೇ ಸಾಲ ತೀರಿಸೋ ದೇಶಕ್ಕೆ ಅದು ಗಾಯದ ಮೇಲೆ ಬರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ.

ಪಾಠ ಕಲಿತರಾ? ಇಲ್ಲ. 2019ರ ಕೊನೆಗೆ ಬಂದ ಹೊಸ ಸರ್ಕಾರ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತು. ಜನ ಖುಷ್, ಖಜಾನೆ ಖಾಲಿ. 2020ರಲ್ಲಿ ದೇಶ ಚರ್ಚೆ ಮಾಡಿದ್ದು ಯಾವುದರ ಬಗ್ಗೆ? ಕೊರೊನಾದಿಂದ ಸತ್ತ ಮುಸ್ಲಿಮರ ಶವ ಹೂಳಬೇಕೋ, ಸುಡಬೇಕೋ ಅಂತ. ಸುಡಲೇಬೇಕು ಅನ್ನೋ ಆದೇಶ ವಾಪಸಾಗಿದ್ದು 2021ರ ಫೆಬ್ರವರಿಯಲ್ಲಿ. ಅದೇ ಹೊತ್ತಿನಲ್ಲಿ ಅಧ್ಯಕ್ಷರ ಅಧಿಕಾರ ಹೆಚ್ಚಿಸೋಕೆ ಸಂವಿಧಾನವೂ ತಿದ್ದುಪಡಿಯಾಯ್ತು. ಡಾಲರ್ ಮಾತ್ರ ಸೋರಿಹೋಗ್ತಾ ಇತ್ತು.

ಈಸ್ಟರ್ ಬಾಂಬ್ ಸ್ಫೋಟ, ಕೊರೊನಾ ಎರಡೂ ಪ್ರವಾಸೋದ್ಯಮವನ್ನು ಮಲಗಿಸಿದ್ದು ನಿಜ. ಆದರೆ ಹೊಡೆತ ತಡೆಯೋ ಶಕ್ತಿ ಮೊದಲೇ ಕರಗಿತ್ತಲ್ಲ! 2022ರ ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಸರ್ಕಾರ ಕೈಚೆಲ್ಲಿತು. ಪೆಟ್ರೋಲ್ ಸಾಲಿನಲ್ಲಿ ನಿಂತ ಜನ ಅಲ್ಲೇ ಪ್ರಾಣಬಿಟ್ಟರು. ಕಾಗದವಿಲ್ಲದೆ ಮಕ್ಕಳ ಪರೀಕ್ಷೆ ಮುಂದಕ್ಕೆ ಹೋಯ್ತು.

ಯಾಕೆ ಹೀಗಾಗುತ್ತೆ ಗೊತ್ತಾ? ತೆರಿಗೆ ಏರಿಸಿದರೆ, ಖರ್ಚು ಕಡಿತ ಮಾಡಿದರೆ ನೋವು ಇವತ್ತೇ. ಲಾಭ ಮುಂದಿನ ಚುನಾವಣೆ ಕಳೆದ ಮೇಲೆ. ಜಗಳ ಹಚ್ಚಿದರೆ ಖರ್ಚಿಲ್ಲ, ಲಾಭ ಇವತ್ತೇ. ರಾಜಕಾರಣಿ ಯಾವುದನ್ನು ಆರಿಸ್ತಾನೆ, ನೀವೇ ಹೇಳಿ. ಸಾಲ ಅನ್ನೋದು ಗೆದ್ದಲು ಇದ್ದ ಹಾಗೆ, ಸದ್ದು ಮಾಡಲ್ಲ. ತೊಲೆ ಮುರಿದು ಬಿದ್ದಾಗಲೇ ಗೊತ್ತಾಗೋದು.

ಇದರಲ್ಲಿ ನನ್ನ ಪಾಲೂ ಇದೆ. ವಿತ್ತೀಯ ಕೊರತೆ ಅಂತ ಶುರು ಮಾಡಿದರೆ ನೀವು ರಿಮೋಟ್ ಒತ್ತಿಬಿಡ್ತೀರಿ ಅನ್ನೋ ಭಯ ನನಗೆ. ಅದಕ್ಕೇ ಖಾರದ ಪುಡಿ ತೋರಿಸ್ತೀನಿ. ಇನ್ನು ಮುಂದೆ ನಾವು ಕಿರುಚಾಡೋದು ಕಂಡಾಗ ಒಂದೇ ಒಂದು ಪ್ರಶ್ನೆ ಕೇಳಿ: ಈ ವಾರ ದೇಶ ತೀರಿಸಬೇಕಾದ ಸಾಲ ಎಷ್ಟು? ನಾನು ಉತ್ತರ ಹೇಳದೇ ಇದ್ದರೆ, ಆಗ ರಿಮೋಟ್ ಒತ್ತಿ.