‘ವಾಡಿಕೆ ಮಳೆ’ ಯಾರ ವಾಡಿಕೆ?

ಮಳೆ ಬರುವುದೇ, ಬೆಳೆ ಕೈಗೆ ಹತ್ತುವುದೇ? ಮನುಷ್ಯನು ಬರೆದಿಟ್ಟ ಅತಿ ಹಳೆಯ ಪ್ರಶ್ನೆಗಳಲ್ಲಿ ಇವೂ ಸೇರಿವೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಚೀನದ ಶಾಂಗ್ ಅರಸರು ದನದ ಹೆಗಲೆಲುಬು, ಆಮೆಯ ಚಿಪ್ಪುಗಳನ್ನು ಕಾಯಿಸಿ, ಮೂಡಿದ ಬಿರುಕುಗಳಲ್ಲಿ ಉತ್ತರ ಹುಡುಕುತ್ತಿದ್ದರು. ಪ್ರಶ್ನೆಯನ್ನು ಅದರ ಮೇಲೆಯೇ ಕೆತ್ತಿಸುತ್ತಿದ್ದರು. ಅಲ್ಲಿ ಮತ್ತೆ ಮತ್ತೆ ಬರುವ ‘ಜೆನ್’ ಎಂಬ ಪದಕ್ಕೆ ಶಕುನ ಕೇಳುವುದು ಎಂದರ್ಥ. ‘ಯಿ ಜಿಂಗ್’ ಎಂಬ ಶಕುನಗ್ರಂಥದಲ್ಲಿಯೂ ಅದೇ ಪದವಿದೆ. ಆದರೆ ನಂತರದ ವ್ಯಾಖ್ಯಾನಕಾರರು ಅದನ್ನು ಸನ್ನಡತೆ, ದೃಢತೆ ಎಂದು ಓದಿದರು. 1882ರಲ್ಲಿ ಇಂಗ್ಲಿಷಿಗೆ ತಂದ ಜೇಮ್ಸ್ ಲೆಗ್, 1924ರಲ್ಲಿ ಜರ್ಮನ್ ಭಾಷೆಗೆ ತಂದ ರಿಚರ್ಡ್ ವಿಲ್ಹೆಲ್ಮ್ ಇಬ್ಬರೂ ಅದೇ ಜಾಡು ಹಿಡಿದರು. ಪ್ರಶ್ನೆ ಹೋಗಿ ಉಪದೇಶ ಉಳಿಯಿತು.

ನಮ್ಮಲ್ಲಿಯೂ ಸುಮಾರು 1300ರಲ್ಲಿ ಜೈನ ಕವಿ ರಟ್ಟಕವಿಯು ಮಳೆ, ಸಿಡಿಲು, ಭೂಕಂಪ, ಶಕುನಗಳನ್ನು ಕುರಿತು ‘ರಟ್ಟಮತ’ ರಚಿಸಿದ. ಹದಿನಾಲ್ಕನೆಯ ಶತಮಾನದಲ್ಲಿಯೇ ಭಾಸ್ಕರನೆಂಬ ಕವಿ ಅದನ್ನು ತೆಲುಗಿಗೆ ತಂದ. ಕನ್ನಡ, ತೆಲುಗು ಎರಡನ್ನೂ ಆಡುವ ಸೇಡಂ, ಚಿಂಚೋಳಿಯ ಗಡಿಹಳ್ಳಿಗಳನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಮಿರಗದ ಮಳೆಗಾಗಿ ಮುಗಿಲು ನೋಡುವವರ ಚಿಂತೆ ಗಡಿಯ ಎರಡೂ ಕಡೆ ಒಂದೇ.

ಇಂದು ಆ ಸ್ಥಾನದಲ್ಲಿ ಹವಾಮಾನ ಮುನ್ಸೂಚನೆಯಿದೆ. ಅದು ವಿಜ್ಞಾನ; ಶಕುನದೊಡನೆ ಅದನ್ನು ಸಮೀಕರಿಸುವುದು ಸಲ್ಲದು. ಆದರೆ ಅದನ್ನೂ ಅನುವಾದಿಸಬೇಕಲ್ಲವೆ? ಚಿತ್ತಾಪುರದ ಸಭೆಯೊಂದರಲ್ಲಿ ನಾನು ಮುನ್ಸೂಚನೆ ಓದಿದಾಗ ಹಿರಿಯ ರೈತರೊಬ್ಬರು ಎದ್ದು ಕೇಳಿದ್ದರು: ‘ವಾಡಿಕೆ ಮಳೆ ಅಂತೀರಲ್ರಿ ಸಾಹೇಬ್ರ, ಅದು ಯಾರ ವಾಡಿಕಿ?’

ಪ್ರಶ್ನೆ ಮಾರ್ಮಿಕವಾದುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ವಾಡಿಕೆ’ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದಲ್ಲಿ ದೀರ್ಘಾವಧಿ ಸರಾಸರಿಯ ಶೇ 96ರಿಂದ 104ರಷ್ಟು ಮಳೆ. 1971–2020ರ ಆಧಾರದ ಮೇಲೆ ಆ ಸರಾಸರಿ 87 ಸೆಂಟಿಮೀಟರ್. ರೈತನ ಕಿವಿಗೆ ವಾಡಿಕೆ ಎಂದರೆ ಹೊತ್ತಿಗೆ ಸರಿಯಾಗಿ, ತನ್ನ ಹೊಲಕ್ಕೆ ಬರುವ ಮಳೆ. ತೊಗರಿ ಬಿತ್ತುವಾಗ ಕೈಕೊಟ್ಟ ಮಳೆ ಸೆಪ್ಟೆಂಬರಿನಲ್ಲಿ ಒಮ್ಮೆಲೇ ಸುರಿದರೂ ಕಡತದಲ್ಲಿ ಅದು ವಾಡಿಕೆಯೇ. ಬೀಜ, ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಶಹಾಬಾದ, ವಾಡಿಯ ಸುತ್ತ ಹಾಸುಗಲ್ಲಿನ ಮೇಲೆ ತೆಳುವಾಗಿ ಮಣ್ಣಿರುವ ಹೊಲ ಹತ್ತು ದಿನದ ಬಿಸಿಲನ್ನು ತಾಳದು. ಆಳವಾದ ಎರೆಭೂಮಿ ತಾಳಬಹುದು. ಸರಾಸರಿ ಈ ಭೇದವನ್ನು ಅರಿಯದು.

ಆದ್ದರಿಂದ ರೈತ ಸಂಪರ್ಕ ಕೇಂದ್ರಗಳು ಶೇಕಡಾವಾರನ್ನು ಬಿತ್ತನೆಯ ಭಾಷೆಗೆ ತರಬೇಕು: ಬಿತ್ತಬಹುದೇ, ತಡೆಯಬೇಕೇ, ನಡುವೆ ಎಷ್ಟು ದಿನ ಮಳೆ ಬಿಡುವು ಕೊಡಬಹುದು, ಈ ಮಾತು ಹತ್ತರಲ್ಲಿ ಎಷ್ಟು ಬಾರಿ ನಿಜವಾದೀತು. ಇದು ಹೊಸ ವೆಚ್ಚದ ಪ್ರಶ್ನೆಯಲ್ಲ, ಹೊಣೆಯ ಪ್ರಶ್ನೆ.

ಶಾಂಗ್ ಅರಸರ ಕೆಲವು ಎಲುಬುಗಳ ಮೇಲೆ ಪ್ರಶ್ನೆ, ಭವಿಷ್ಯಗಳ ಜೊತೆಗೆ ಮುಂದೆ ನಿಜಕ್ಕೂ ನಡೆದದ್ದೇನು ಎಂಬುದನ್ನೂ ಕೆತ್ತಲಾಗಿದೆ. ನಾವು ಹೇಳಿದ್ದೇನು, ಸುರಿದದ್ದೆಷ್ಟು ಎಂಬ ಲೆಕ್ಕವನ್ನು ಪ್ರತಿ ಹೋಬಳಿಯ ಗೋಡೆಯ ಮೇಲೆ ಬರೆದಿಡಲು ನಮಗೇನು ಅಡ್ಡಿ?